ನಮ್ಮನೆಯ ಜರ್ಮನ್ ಗಿಟಾರು

ಬೆಳಗಾವಿಯಲ್ಲಿ ಶಹಾಪುರದವರು ಪೇಟಿ ಬಾರಿಸುತ್ತಾರೆ, ಕ್ಯಾಂಪಿನವರು ಗಿಟಾರು ಬಾರಿಸುತ್ತಾರೆ, ಟಿಳಕವಾಡಿಯವರು ಮುಂದಿನ ಸಾಲಿನಲ್ಲಿ ಕುಳಿತು ಇಬ್ಬರಿಗೂ ಚಪ್ಪಾಳೆ ಹೊಡೆಯುತ್ತಾರೆ ಎಂದು ಕಾಲೇಜು ದಿನಗಳಲ್ಲಿ ನಾವು ಚೇಷ್ಟೆ ಮಾಡುತ್ತಿದ್ದೆವು. ನಾನು ಟಿಳಕವಾಡಿಯವನು. ಗ್ಯಾದರಿಂಗ್ ದಿನ ಕ್ಯಾಂಪಿನ ಹುಡುಗರು ಕೊರಳಿಗೆ ಗಿಟಾರು ಹಾಕಿಕೊಂಡು ಸ್ಟೇಜ್ ಹತ್ತಿದರೆ, ಮೈಕಿನ ವಾಯರು ಅವರ ಕಾಲಿಗೆ ತೊಡರದಂತೆ ಎತ್ತಿ ಹಿಡಿಯುವ ಜವಾಬ್ದಾರಿ ನನ್ನ ಮೇಲಿರುತ್ತಿತ್ತು. ಹುಡುಗಿಯರು ಗಿಟಾರಿನ ಕಡೆ ನೋಡುತ್ತಿದ್ದರೇ ಹೊರತು ವಾಯರಿನ ಕಡೆ ನೋಡಿದ ದಾಖಲೆ ಇಲ್ಲ.

ಐವತ್ತು ದಾಟಿದ ಮೇಲೆ ಕ್ಯಾಂಪಿನಲ್ಲೇ ಒಂದು ಹಳೆಯ ಹಂಚಿನ ಮನೆಯ ಅರ್ಧ ಭಾಗ ಬಾಡಿಗೆಗೆ ಸಿಕ್ಕಿತು. ವಿಳಾಸ ಬದಲಾದ ಮೇಲೆ ವಾದ್ಯವೂ ಬರಬೇಕಲ್ಲ ಎಂದು ನನಗೆ ಅನ್ನಿಸಿತು. ಹೆಂಡತಿಗೆ ಅನ್ನಿಸಲಿಲ್ಲ. ಆಕೆ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅನ್ನಿಸುವುದಕ್ಕೂ ಪುರಾವೆ ಕೇಳುತ್ತಾಳೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಗಿಟಾರು ನುಡಿಸಲು ಬರುವುದಿಲ್ಲ, ಕಲಿಯುವ ಅವಸರವೂ ಇಲ್ಲ. ಅದಕ್ಕೇ ಹೊಸ ಗಿಟಾರಿನ ಅಂಗಡಿ ಕಂಡರೆ ನಾನು ರಸ್ತೆ ದಾಟುತ್ತೇನೆ. ಹೊಸದನ್ನು ತಂದರೆ ಅದನ್ನು ನುಡಿಸುವ ಹೊಣೆಯೂ ಜೊತೆಗೇ ಮನೆ ಹೊಕ್ಕುತ್ತದೆ; ಮೂರನೆಯ ದಿನವೇ ಯಾರಾದರೂ ನೆಂಟರು ಬಂದು "ಎಲ್ಲಿ, ಒಂದು ಹಾಡು ಆಗಲಿ" ಎನ್ನುತ್ತಾರೆ. ಹಳೆಯದರಲ್ಲಿ ಆ ತ್ರಾಸಿಲ್ಲ. "ಇನ್ನೂ ಸ್ವಲ್ಪ ರಿಪೇರಿ ಐತ್ರಿ" ಎಂಬ ಒಂದೇ ಮಾತಿನ ಮೇಲೆ ಮನುಷ್ಯ ವರ್ಷಗಟ್ಟಲೆ ಸಂಗೀತಗಾರನಾಗಿ ಬದುಕಬಹುದು.

ಕ್ಯಾಂಪಿನ ಹಳೆಯ ಬಂಗಲೆಗಳಲ್ಲಿ ಒಂದು ಪದ್ಧತಿ ಇದೆ. ಮಕ್ಕಳು ಕೆನಡಾ, ಲಂಡನ್ ಎಂದು ಹೋಗಿ ನೆಲೆಸುತ್ತಾರೆ. ಮುದುಕರು ಇನ್ನು ಗೋವಾದ ಮೂಲಮನೆಗೆ ಹೋಗೋಣವೆಂದು ನಿರ್ಧರಿಸುತ್ತಾರೆ. ಆಗ ಸಾಮಾನು ಒಂದೊಂದೇ ವರಾಂಡಕ್ಕೆ ಬರುತ್ತದೆ: ಶೀಶಮ್ಮಿನ ಕಪಾಟು, ಪಿಂಗಾಣಿ ತಟ್ಟೆ, ಒಂದು ಕಾಲು ಕುಂಟುವ ಕೇನಿನ ಕುರ್ಚಿ, ಗೋಡೆ ಗಡಿಯಾರ. ಸೇಂಟ್ ಪಾಲ್ಸ್ ಶಾಲೆಯ ಕಡೆಯಿಂದ ಫಿಶ್ ಮಾರ್ಕೆಟ್ಟಿಗೆ ಹೋಗುವಾಗ ಅಂಥದೇ ಒಂದು ವರಾಂಡದಲ್ಲಿ, ಇಸ್ತ್ರಿ ಟೇಬಲ್ಲಿನ ಪಕ್ಕ, ಅದು ಗೋಡೆಗೆ ಆನಿಕೊಂಡು ನಿಂತಿತ್ತು. ನಾನು ಬಾಂಗಡೆ ತರಲು ಹೊರಟವನು.

"ಜರ್ಮನ್ ಅದೆ ಪುತಾ," ಎಂದರು ಆಂಟಿ. "ನಮ್ಮ ಹಸ್ಬೆಂಡ್ ಕ್ಲಬ್ಬಿನಲ್ಲಿ ಇದೇ ನುಡಿಸ್ತಿದ್ರು. ಕ್ರಿಸ್‌ಮಸ್ ಡಾನ್ಸಿಗೆ ಇದು ಬೇಕೇ ಬೇಕು."

ಎತ್ತಿ ಬೆಳಕಿಗೆ ಹಿಡಿದೆ. ಜೇನಿನ ಬಣ್ಣದ ಮುಖ, ಅಂಚಿಗೆ ಹೋಗುತ್ತ ಕಪ್ಪು. ನೇರ ನೋಡಿದರೆ ನುಣುಪು. ಸ್ವಲ್ಪ ಓರೆ ಮಾಡಿದರೆ ಸಾಕು, ಹೊಳಪಿನ ಕೆಳಗಿಂದ ಕೂದಲೆಳೆಯಷ್ಟು ಸಣ್ಣ ಗೆರೆಗಳು ಒಂದರ ಹಿಂದೆ ಒಂದು ಎದ್ದು ಬರುತ್ತಿದ್ದವು. ಮರದ ಎಳೆಗೆ ಅಡ್ಡವಾಗಿ, ಈ ಅಂಚಿನಿಂದ ಆ ಅಂಚಿಗೆ. ಕೆಲವು ನಡುವೆ ಕವಲೊಡೆದು, ಸದ್ದು ಹೊರಡುವ ದುಂಡು ಕಿಂಡಿಯ ಸುತ್ತ ಜಾಳಿಗೆ ಹೆಣೆದಿದ್ದವು. ಬೆರಳಾಡಿಸಿದರೆ ಏನೂ ತಗಲುತ್ತಿರಲಿಲ್ಲ. ಬೇರೆ ಯಾರೇ ಆಗಿದ್ದರೂ ಈ ಬಿರುಕು ತೋರಿಸಿ ಬೆಲೆ ಇಳಿಸುತ್ತಿದ್ದರು. ನಾನು ವಿಂಟೇಜ್ ಎಂದರೇನೆಂದು ರಾತ್ರಿಯೆಲ್ಲ ಮೊಬೈಲಿನಲ್ಲಿ ಓದಿಕೊಂಡವನು. ಬಿರುಕು ಕಂಡು ಕಣ್ಣರಳಿಸಿದೆ. ಆಂಟಿ ಆ ಕಣ್ಣು ನೋಡಿಯೇ ಬೆಲೆ ಹೇಳಿದರು. ಆರೂವರೆ ಸಾವಿರ.

ಮನೆಯಲ್ಲಿ ಎರಡೂವರೆ ಎಂದೆ.

"ಬಾಂಗಡೆ?" ಎಂದಳು ಹೆಂಡತಿ.

ಆಮೇಲೆ ಕನ್ನಡಕ ಹಾಕಿಕೊಂಡು ಪರೀಕ್ಷೆ ಶುರುವಾಯಿತು. "ರೀ, ಇದು ಸೀಳೇತಿ. ಇಲ್ಲಿ ಸೀಳೇತಿ, ಇಲ್ಲೂ ಸೀಳೇತಿ. ಮೊನ್ನೆ ಖಡೇ ಬಜಾರದಾಗ ಒಂದು ಕುಕ್ಕರಿನ ಹಿಡಿಕಿಗೆ ಗೆರಿ ಬಿದ್ದೇತಿ ಅಂತ ಹೇಳಿ ವಾಪಸ್ ಇಟ್ಟು ಬಂದವರು ನೀವs ಅಲ್ಲೇನು?"

ನಾನು ವಿಜ್ಞಾನ ಶುರು ಮಾಡಿದೆ. ಈ ಹೊಳಪು ನೈಟ್ರೋಸೆಲ್ಯುಲೋಸ್ ಲ್ಯಾಕರಿನದು; ನಮ್ಮ ಬಡಿಗರು ಎನ್.ಸಿ. ಎನ್ನುವುದು ಇದನ್ನೇ. ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಅದ್ದಿ ಪಳಗಿಸಿದರೆ ಬರುವ ವಸ್ತು. ಹಳೆಯ ಸಿನಿಮಾ ರೀಲುಗಳೂ ಹೊಗೆಯಿಲ್ಲದ ತುಪಾಕಿ ಮದ್ದೂ ಇದೇ ವಂಶದವು. 1920ರ ದಶಕದಲ್ಲಿ ಅಮೆರಿಕದ ಡುಪಾಂಟ್ ಕಂಪನಿ ಇದನ್ನು ಡುಕೋ ಎಂಬ ಹೆಸರಿನಲ್ಲಿ ಮೋಟಾರು ಕಾರುಗಳಿಗೆ ಬಳಿಯಲು ತಂದಿತು. ಅಲ್ಲಿಯ ತನಕ ಒಂದು ಕಾರಿಗೆ ಬಣ್ಣ ಹಚ್ಚಿ ಒಣಗಿಸಲು ವಾರಗಟ್ಟಲೆ ಹಿಡಿಯುತ್ತಿತ್ತು. ಇದು ಕೆಲವೇ ಗಂಟೆಗಳಲ್ಲಿ ಒಣಗಿತು. ಗಿಟಾರು ಕಂಪನಿಗಳು ಸುಮ್ಮನಿರುತ್ತವೆಯೇ? ಅವೂ ಎತ್ತಿಕೊಂಡವು. ಆದರೆ ವಯಸ್ಸಾದಂತೆ ಲ್ಯಾಕರಿನೊಳಗಿನ ಮೃದುತನ ಆರಿಹೋಗಿ ಅದು ಬಿರುಸಾಗುತ್ತದೆ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ. ಮೇಲಿನ ಲ್ಯಾಕರು ಅದರ ಜೊತೆ ಹಿಗ್ಗಲಾರದು, ಕುಗ್ಗಲಾರದು. ತಣ್ಣಗಿದ್ದುದು ಒಮ್ಮೆಲೇ ಬಿಸಿಯಾದರೆ ಸೀಳಿಯೇಬಿಡುತ್ತದೆ. ಮಾಘದ ರಾತ್ರಿ ಗಡಗಡ ನಡುಗಿಸಿ, ಮಧ್ಯಾಹ್ನ ಹಂಚಿನ ಕೆಳಗೆ ಬೇಯಿಸುವ ನಮ್ಮ ಬೆಳಗಾವಿಗಿಂತ ಅನುಕೂಲವಾದ ಊರು ಅದಕ್ಕೆ ಬೇಕೇ?

"ಅಂದ್ರ ಮುಪ್ಪಾಗೇತಿ ಅಂದ್ರಿ," ಎಂದಳು.

ಮುಪ್ಪಿಗೇ ಬೆಲೆ ಎಂದೆ. ಫೆಂಡರ್ ಕಂಪನಿ 1995ರಿಂದಲೂ ಹೊಚ್ಚಹೊಸ ಗಿಟಾರನ್ನು ಉಜ್ಜಿ, ಕೆರೆದು, ಹಳತು ಮಾಡಿ ಹೆಚ್ಚಿನ ಬೆಲೆಗೆ ಮಾರುತ್ತದೆ. ಗಿಬ್ಸನ್ ಕಂಪನಿಯಂತೂ ಮರ್ಫಿ ಲ್ಯಾಬ್ ಎಂಬ ವಿಭಾಗವನ್ನೇ ತೆರೆದಿದೆ. ಅಲ್ಲಿ ಬಿರುಕು ಹುಟ್ಟಿಸುವುದಕ್ಕೆ ಪಗಾರ ಕೊಟ್ಟು ಜನರನ್ನು ಇಟ್ಟುಕೊಂಡಿದ್ದಾರೆ, ಬಿರುಕು ಹೆಚ್ಚಾದಷ್ಟೂ ರೇಟು ಹೆಚ್ಚು. ವಿಲ್ಲಿ ನೆಲ್ಸನ್ ಎಂಬ ಹಾಡುಗಾರ 1969ರಲ್ಲಿ ಕೊಂಡ ಮಾರ್ಟಿನ್ ಗಿಟಾರಿಗೆ ಟ್ರಿಗರ್ ಎಂದು ಹೆಸರಿಟ್ಟು, ಅದರ ಮುಖ ಸವೆದು ತೂತು ಬಿದ್ದರೂ ಬಿಡದೆ ಅದನ್ನೇ ನುಡಿಸುತ್ತ ಬಂದ.

"ಅವ ನುಡಸ್ತಾನ," ಎಂದಳು ಹೆಂಡತಿ. ಕನ್ನಡಕ ತೆಗೆದಿಟ್ಟಳು. ಪಾಠ ಮುಗಿಯಿತು ಎಂದರ್ಥ.

ಎರಡೂವರೆ ಸಾವಿರದ ಆಯುಷ್ಯ ಆ ವಾರದ ಕೊನೆಯವರೆಗೆ. ಗಿಟಾರಿನ ಬಟ್ಟೆಯ ಕವರು ಅಟ್ಟದ ಮೇಲೆ ಸಿಕ್ಕಿತೆಂದು ಆಂಟಿ ತಾವೇ ನಡೆದುಕೊಂಡು ಬಂದರು. ಚಹಾ ಬೇಡವೆಂದರು. ಹೊರಡುವಾಗ ಬಾಗಿಲಲ್ಲಿ ನಿಂತು, ಜರ್ಮನ್ ಮಾಲಿಗೆ ಆರೂವರೆ ಅಂದರೆ ಕಮ್ಮೀನೇ, ಬೇರೆಯವರಾದರೆ ಹತ್ತು ಕೊಡ್ತಿದ್ದರು, ನಿಮ್ಮ ಯಜಮಾನರ ಮುಖ ನೋಡಿ ಕೊಟ್ಟೆ ಎಂದು ಹೆಂಡತಿಯ ಕೈ ಹಿಡಿದು ಹೇಳಿದರು. ಹೆಂಡತಿ ನನಗೆ ಒಂದು ಮಾತೂ ಆಡಲಿಲ್ಲ. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕಕ್ಕೆ ದಿನಾಲೂ "ಹಾ" ಎಂದು ಬರೆಯುತ್ತಾಳೆ. ಅದರ ಪಕ್ಕ ಒಂದು "ಗಿ" ಬರೆದು, ಮುಂದೆ 6,500 ಎಂದು ಕೆಂಪು ಶಾಯಿಯಲ್ಲಿ ನಮೂದಿಸಿದಳು. ಅಂದಿನಿಂದ "ಗಿ" ಖಾತೆ ಶುರುವಾಯಿತು. ಬ್ರಷ್ಷು, ಎರಡು ಸಾವಿರ ನಂಬರಿನ ವಾಟರ್ ಪೇಪರು, ತಂತಿ, ಫೆವಿಕಾಲು, ಥಿನ್ನರು, ಒಂದೂ ತಪ್ಪಲಿಲ್ಲ. ಹಾಲು ಉಳಿದ ದಿನ "ಹಾ" ಮುಂದೆ ಗೀಟು ಬೀಳುತ್ತಿತ್ತು. "ಗಿ" ಮುಂದೆ ಗೀಟು ಬಿದ್ದ ದಿನವಿಲ್ಲ.

ಜರ್ಮನ್ ಎಂಬ ಮಾತಿಗೆ ಪುರಾವೆ ಬೇಕಲ್ಲ. ಗಿಟಾರಿನ ಹೊಟ್ಟೆಯೊಳಗೆ, ಕಿಂಡಿಯ ನೇರಕ್ಕೆ, ಕಂಪನಿಯ ಚೀಟಿ ಅಂಟಿಸಿರುತ್ತಾರೆ. ಅದು ಧೂಳು ಹಿಡಿದು ಅಂಚಿಗೆ ಸರಿದಿತ್ತು. ನಮ್ಮವ್ವನ ದೇವರ ಜಗುಲಿಯ ಮೇಲಿನ ಪುಟ್ಟ ಕನ್ನಡಿ ಒಳಗಿಳಿಸಿ, ಮಗಳ ಕೈಯಲ್ಲಿ ಮೊಬೈಲಿನ ಟಾರ್ಚ್ ಹಿಡಿಸಿ, ಹೊಟ್ಟೆ ಅಡಿಯಾಗಿ ಮಲಗಿ ಓದಿದೆ. ಕನ್ನಡಿಯಲ್ಲಿ ಅಕ್ಷರ ತಿರುವುಮುರುವು. ಬಿಡಿಸಿ ಓದುತ್ತ ಹೋದ ಹಾಗೆ ಮ್ಯೂನಿಕ್ ದೂರವಾಗಿ ರವೀಂದ್ರ ಸರಣಿ ಬಂತು. ಅದು ಕಲ್ಕತ್ತೆಯ ಲಾಲ್‌ಬಜಾರದ ಹತ್ತಿರದ ಬೀದಿ. ಹಾರ್ಮೋನಿಯಂ, ಸಿತಾರು, ಗಿಟಾರುಗಳ ಅಂಗಡಿ ಸಾಲುಸಾಲಾಗಿ ಇರುವ ಜಾಗ. ಒಂದು ಕಾಲಕ್ಕೆ ಭಾರತದ ಅರ್ಧ ಊರುಗಳ ಕ್ಲಬ್ಬು, ಚರ್ಚು, ಕಾಲೇಜುಗಳ ಗಿಟಾರಿನ ತವರು.

"ಜರ್ಮನಿ ಯಾವಾಗ ಕಲ್ಕತ್ತಾಕ್ಕ ಬಂತು ಅಪ್ಪಾ?" ಎಂದಳು ಮಗಳು. ಹತ್ತನೆಯ ಇಯತ್ತೆ. ತಾಯಿಯ ಮಗಳು.

ಆದರೂ ಬಿರುಕು ನೈಟ್ರೋದ್ದೋ ಅರಗಿನ ಪಾಲಿಶಿನದ್ದೋ ಎಂದು ತಿಳಿಯುವುದು ಬಾಕಿ ಇತ್ತು. ಅರಗಿನ ಪಾಲಿಶು ಸ್ಪಿರಿಟ್ಟಿಗೆ ಕರಗುತ್ತದೆ. ನೈಟ್ರೋ ಸ್ಪಿರಿಟ್ಟಿಗೆ ಜಗ್ಗುವುದಿಲ್ಲ, ಥಿನ್ನರಿಗೆ ಬಗ್ಗುತ್ತದೆ. ಈಗಿನ ಗಿಟಾರುಗಳ ಪಾಲಿಯೆಸ್ಟರು ಎರಡಕ್ಕೂ ಕ್ಯಾರೇ ಅನ್ನುವುದಿಲ್ಲ. ಯಾರ ಕಣ್ಣಿಗೂ ಬೀಳದ ಜಾಗ, ಕುತ್ತಿಗೆ ಮೈಗೆ ಸೇರುವ ಸಂದಿ ಆರಿಸಿ ಹತ್ತಿಯ ಕಡ್ಡಿಯಲ್ಲಿ ಮೊದಲು ಸ್ಪಿರಿಟ್ ಮುಟ್ಟಿಸಿದೆ, ಏನೂ ಆಗಲಿಲ್ಲ. ಥಿನ್ನರಿನ ಡಬ್ಬಿ ತೆರೆಯಲು ಮನೆಯಲ್ಲಿ ಅನುಮತಿ ಇರಲಿಲ್ಲ, ಗ್ಯಾಸಿನ ಒಲೆ ಇದ್ದ ಕಡೆ ಅದು ಬೇಡವೆಂದು ಹೆಂಡತಿ ಅದನ್ನು ಹಿತ್ತಲಿನ ಸಂಡಾಸಿನ ಮೇಲೆ ಇಡಿಸಿದ್ದಳು. ಸರಿಯಾದ ಆಜ್ಞೆಯೇ. ಮಗಳ ನೇಲ್ ಪಾಲಿಶ್ ರಿಮೂವರ್ ಕೈಗೆ ಸಿಕ್ಕಿತು. ಒಂದು ಹನಿ ಬಿದ್ದದ್ದೇ ಮೇಲ್ಮೈ ಅಂಟಂಟಾಯಿತು. "ನೈಟ್ರೋ!" ಎಂದು ಕೂಗಿದೆ. ಒಳಗಿನಿಂದ ಅವ್ವ, "ಏನು ಒಡೀತೋ ತಮ್ಮಾ?" ಎಂದಳು.

ಅವ್ವನ ತವರು ಖಾನಾಪುರ ತಾಲೂಕಿನ ಪಾರಿಶ್ವಾಡ. ಅಲ್ಲಿಯ ಒಂದು ಕಾರ್ಯಕ್ಕೆ ಹೋಗುವುದಿತ್ತು. ಖಾನಾಪುರ ಅಂದರೆ ಮಣ್ಣು ಮತ್ತು ಕಟ್ಟಿಗೆ: ಹಂಚು, ಗಡಿಗೆ, ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವ ಊರು, ಪಶ್ಚಿಮಕ್ಕೆ ಕಣಕುಂಬಿಯ ತನಕ ಕಾಡು. ಕಟ್ಟಿಗೆ ಬಲ್ಲವರು ಅಲ್ಲಿ ಸಿಗದೆ ಇನ್ನೆಲ್ಲಿ ಸಿಗುತ್ತಾರೆಂದು ಗಿಟಾರನ್ನೂ ಹೊರಡಿಸಿದೆ. ಬಸ್ಸಿನಲ್ಲಿ ಅದು ಕಿಟಕಿಯ ಪಕ್ಕ ಕೂತಿತು, ಅವ್ವ ನಡುವೆ, ನಾನು ಅರ್ಧ ಹೊರಗೆ. ಕಂಡಕ್ಟರು ಅದಕ್ಕೂ ತಿಕೀಟು ಹರಿಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾಗ ಅವ್ವ, "ಹಾಫ್ ಟಿಕೆಟ್ ಕೊಡಪಾ, ಸಣ್ಣದೈತಿ" ಎಂದಳು. ಅವ ನಕ್ಕು ಮುಂದೆ ಹೋದ.

ಖಾನಾಪುರದಲ್ಲಿ ಸಿಕ್ಕ ಬಡಿಗ ಗುಡಿಯ ಬಾಗಿಲು, ತೊಲೆ, ಕಿಟಕಿಯ ಚೌಕಟ್ಟು ಮಾಡುವ ಮನುಷ್ಯ. ಗಿಟಾರು ಕೈಗೆ ಕೊಟ್ಟಾಗ ತಂತಿಯನ್ನು ಮುಟ್ಟಲೂ ಇಲ್ಲ. ಬೆನ್ನು ಹೊರಳಿಸಿ ಬೆರಳ ಗೆಣ್ಣಿನಿಂದ ಟಕಟಕ ಬಡಿಯುತ್ತ, ತಲೆ ಓರೆ ಮಾಡಿ ಕೇಳುತ್ತ ಹೋದ. ಉಗುರನ್ನು ಗೆರೆಗಳ ಮೇಲೆ ಅಡ್ಡ ಎಳೆದ, ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಅಂಗಡಿಯ ಬಾಗಿಲು ಮುಂದಕ್ಕೆ ಹಾಕಿ, ಕತ್ತಲೆ ಮಾಡಿ, ನನ್ನ ಮೊಬೈಲಿನ ಟಾರ್ಚನ್ನು ಕಿಂಡಿಯೊಳಗೆ ಇಳಿಬಿಟ್ಟು ಹೊರಗಿನಿಂದ ನೋಡಿದ. ಒಂದು ಗೆರೆಯಿಂದಲೂ ಬೆಳಕು ಸೋರಲಿಲ್ಲ.

"ಕಟ್ಟಿಗಿ ಸೀಳಿದ್ರ ಎಳಿ ಹಿಡದು ಸೀಳತೈತಿ ಸಾಹೇಬ್ರ. ಇವು ಎಳಿಗೆ ಅಡ್ಡ ಹೋಗ್ಯಾವ. ಪಾಲಿಶ್ ಅಷ್ಟ ಸೀಳೇತಿ. ಕಟ್ಟಿಗಿ ಗಟ್ಟಿ ಐತಿ."

ನನ್ನ ಜೀವ ತಂಪಾಯಿತು. ಆ ತಂಪಿನಲ್ಲೇ, ಬೆನ್ನಿನದು ಬೀಟೆಯೇ ಅಲ್ಲವೇ ಎಂದು ಕೇಳಿದೆ. ಕೇಳಲು ಕಾರಣವಿತ್ತು. ಅಮೆರಿಕದ ಮಾರ್ಟಿನ್ ಕಂಪನಿಯವರಿಗೆ ಬ್ರೆಜಿಲಿನ ಬೀಟೆ ಸಿಗುವುದು ಕಷ್ಟವಾದಾಗ 1969ರಲ್ಲಿ ಭಾರತದ ಬೀಟೆಗೆ ತಿರುಗಿದರು; ನಮ್ಮ ಘಟ್ಟದ ಮರ ಅಲ್ಲಿಗೆ ಹೋಗಿ ಗಿಟಾರಾಗಿ ಜಗತ್ತು ಸುತ್ತಿತು. ಮುಂದೆ 2017ರಲ್ಲಿ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಬಿಗಿ ಬಂದು, ಒಂದು ಗಿಟಾರು ಗಡಿ ದಾಟಿಸಿ ಮಾರಲೂ ಕಾಗದಪತ್ರ ಬೇಕಾಗಿ, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯ್ತಿ ಕೊಟ್ಟರು. ಇದನ್ನೆಲ್ಲ ನಾನು ಹೆಂಡತಿಗೆ ಈಗಾಗಲೇ ಹೇಳಿ, ನಮ್ಮ ಗಿಟಾರಿನ ಬೆನ್ನಿನಲ್ಲಿ ಸಹ್ಯಾದ್ರಿಯೇ ಇದೆ ಎಂಬ ಅರ್ಥ ಬರುವಂತೆ ನಿಲ್ಲಿಸಿದ್ದೆ.

ಬಡಿಗ ಕಿಂಡಿಯೊಳಗೆ ಬೆರಳು ಮಾಡಿದ. "ಹೊರಗಿನ ಎಳಿ ನೋಡ್ರಿ, ಒಳಗಿಂದು ನೋಡ್ರಿ. ಒಂದಕ್ಕೊಂದು ಕೂಡ್ತೈತೇನು? ಮ್ಯಾಲೆ ತೆಳ್ಳಂದು ಬೀಟಿ ಹಚ್ಚ್ಯಾರ. ಒಳಗ ಪ್ಲಾಯ್ ಐತಿ."

ನಾನು ಮಾತಾಡಲಿಲ್ಲ. ಅವನೇ ಸಮಾಧಾನ ಹೇಳಿದ: ಪ್ಲಾಯ್ ಇದ್ದುದಕ್ಕೇ ಇಷ್ಟು ವರ್ಷ ಸೀಳದೆ ಉಳಿದಿದೆ, ಪದರಗಳು ಒಂದಕ್ಕೊಂದು ಅಡ್ಡ ಇರುವುದರಿಂದ ಮಳೆಗೂ ಬಿಸಿಲಿಗೂ ಅಲುಗುವುದಿಲ್ಲ, ಇಡೀ ಹಲಗೆಯದಾಗಿದ್ದರೆ ಕ್ಯಾಂಪಿನ ಹಂಚಿನ ಕೆಳಗೆ ಎಂದೋ ಎರಡು ಹೋಳಾಗುತ್ತಿತ್ತು. ಆಮೇಲೆ ನನ್ನ ಮುಖ ನೋಡಿ ಉಪಕಾರ ಮಾಡುವ ಮನಸ್ಸಾಯಿತೆಂದು ಕಾಣುತ್ತದೆ. "ಮ್ಯಾಲೆ ಒಂದು ಸನ್‌ಮೈಕಾ ಹೊಡದು ಕೊಡ್ತೇನಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಗೆರಿ ಬೀಳಂಗಿಲ್ಲ. ಸಾಗವಾನಿ ಡಿಜೈನ್ ಐತಿ."

ಅವ್ವ ಅದು ಒಳ್ಳೆಯ ವಿಚಾರವೆಂದಳು. ನಾನು ಗಿಟಾರು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ಜೂನ್ ಬಂತು. ಬೆಳಗಾವಿಯ ಮಳೆಯೆಂದರೆ ಬಾಗಿಲು ಉಬ್ಬಿ ಚಿಲಕ ಬೀಳದ, ಉಪ್ಪು ನೀರಾಗುವ, ಬೂಟಿನಲ್ಲಿ ಬೂಸಲು ಹುಟ್ಟುವ ಮಳೆ. ಗಿಟಾರಿಗೆ ಗಾಳಿಯ ತೇವ ನೂರಕ್ಕೆ ನಲವತ್ತೈದರಿಂದ ಐವತ್ತೈದರ ನಡುವೆ ಇದ್ದರೆ ಹಿತ ಎನ್ನುತ್ತಾರೆ. ನಾನು ಅಂಗೈಯಗಲದ ಒಂದು ಹ್ಯುಮಿಡಿಟಿ ಮೀಟರ್ ತರಿಸಿದೆ ("ಗಿ", 349). ಅದು ಮನೆಗೆ ಬಂದ ದಿನದಿಂದ ಎಂಬತ್ತೆಂಟರ ಕೆಳಗೆ ಇಳಿಯಲೇ ಇಲ್ಲ. ಗಿಟಾರಿಗೆ ಅದರಿಂದ ಏನೂ ಉಪಯೋಗವಾಗಲಿಲ್ಲ, ಮನೆಯ ಉಳಿದವರಿಗೆಲ್ಲ ಆಯಿತು. ಹೆಂಡತಿ ಯುನಿಫಾರ್ಮ್ ಒಣಗುತ್ತದೋ ಇಲ್ಲವೋ ಎಂದು ಅದನ್ನು ನೋಡಿ ಹೊರಗೆ ಹಾಕತೊಡಗಿದಳು. ಅವ್ವನಿಗೆ ಅದು ಸಂಡಿಗೆಯ ಮುಹೂರ್ತದ ಯಂತ್ರವಾಯಿತು. ಓದಲು ಬರದ ಆಕೆ ಎರಡು ಅಂಕಿಗಳ ಆಕಾರ ಗುರುತಿಟ್ಟುಕೊಂಡು, "ಇವತ್ತ ಎರಡೂ ಸೊಟ್ಟ ಅದಾವ, ಬ್ಯಾಡ" ಎನ್ನುತ್ತಿದ್ದಳು. ಎದುರುಮನೆಯವರು ಫೋನು ಮಾಡಿ ಕೇಳುವಷ್ಟಾಯಿತು.

ತೇವ ಹೀರಲೆಂದು ಬಟ್ಟೆಯ ಚೀಲದಲ್ಲಿ ಹಿಡಿ ಅಕ್ಕಿ ಕಟ್ಟಿ ಗಿಟಾರಿನೊಳಗೆ ಇಳಿಬಿಟ್ಟಿದ್ದೆ. ಚೀಲದ ಹೊಲಿಗೆ ಬಿಚ್ಚಿತು. ಅಲ್ಲಿಂದ ಮುಂದೆ ಎತ್ತಿದಾಗಲೆಲ್ಲ ಅದು ಛಳ್ ಛಳ್ ಎಂದು ತಾಳ ಹಾಕತೊಡಗಿತು. ತಲೆಕೆಳಗು ಮಾಡಿ ಅಲುಗಾಡಿಸಿದರೆ ನಾಲ್ಕು ಕಾಳು ಬೀಳುವವು, ನಲವತ್ತು ಕಾಳು ಪಟ್ಟಿಗಳ ಸಂದಿಯಲ್ಲಿ ಅಡಗುವವು. "ಅದಕ್ಕ ಹುಳ ಆಗ್ತಾವ, ಬೇವಿನೆಲಿ ಹಾಕು," ಎಂದಳು ಅವ್ವ. ಮರುದಿನ ನೋಡಿದರೆ ಆಕೆಯೇ ಹಾಕಿದ್ದಳು.

ಇಷ್ಟರಲ್ಲಿ ನಿಜವಾದ ಕಾಯಿಲೆ ಬೇರೆಯೇ ಎಂದು ಗೊತ್ತಾಯಿತು. ಹೊಸ ತಂತಿ ಹಾಕಿ ಬಿಗಿ ಮಾಡಿದ ರಾತ್ರಿ ಟಕ್ ಎಂದು ಸದ್ದು. ಬೆಳಿಗ್ಗೆ ನೋಡಿದರೆ, ತಂತಿಗಳು ಬಂದು ಕೂರುವ ಬ್ರಿಜ್ಜು ಹಿಂದಿನ ಅಂಚಿನಲ್ಲಿ ಮೇಲೆದ್ದಿದೆ. ಸಂದಿಯಲ್ಲಿ ನನ್ನ ವಿಸಿಟಿಂಗ್ ಕಾರ್ಡು ಅರ್ಧ ಹೋಗುತ್ತದೆ. ಇದಕ್ಕೆ ಯಾರನ್ನೂ ದೂರುವಂತಿಲ್ಲ. ಸ್ಟೀಲಿನ ಆರು ತಂತಿಗಳನ್ನು ಶ್ರುತಿಗೆ ಏರಿಸಿದರೆ ಅವು ಸುಮಾರು 70 ಕೆ.ಜಿ. ಬಲದಿಂದ ಜಗ್ಗುತ್ತವೆ, ಅಂದರೆ ತುಂಬಿದ ಎರಡು ಗ್ಯಾಸ್ ಸಿಲಿಂಡರನ್ನು ಹಗಲೂ ರಾತ್ರಿ ಜೋತುಬಿಟ್ಟದ್ದಕ್ಕಿಂತ ಜಾಸ್ತಿ. ತೇವಕ್ಕೆ ಸಡಿಲಾದ ಹಳೆಯ ಅಂಟು ಎಷ್ಟು ದಿನ ತಡೆದೀತು? ನಾನು ಬಿರುಕಿನ ಮೇಲೆ ಟಾರ್ಚ್ ಬಿಟ್ಟು ಕೂತಿದ್ದಾಗ ಬ್ರಿಜ್ಜು ತನ್ನ ಪಾಡಿಗೆ ಏಳುತ್ತಿತ್ತು.

ಸತ್ಯ ಹೇಳಬೇಕೆಂದರೆ ನನಗೆ ಒಳಗೊಳಗೇ ಸಂತೋಷವೇ ಆಯಿತು. ತಂತಿ ಬಿಗಿ ಮಾಡಿದ ಆ ಸಂಜೆ ಎಲ್ಲರೂ ಸೋಫಾದ ಮೇಲೆ ಬಂದು ಕೂತು ನನ್ನನ್ನೇ ನೋಡಿದ್ದರು. "ಇನ್ನೂ ರಿಪೇರಿ ಐತಿ" ಎಂದು ಮತ್ತೆ ಧೈರ್ಯವಾಗಿ ಹೇಳುವ ಹಾಗಾಯಿತು.

ಮಿರಜಕ್ಕೆ ಹೋಗು ಎಂದವಳು ಅವ್ವ. ಆಕೆಯ ಸೋದರಮಾವ ಹಿಂದೆ ತಂಬೂರಿ ರಿಪೇರಿಗೆ ಅಲ್ಲಿಗೇ ಹೋಗುತ್ತಿದ್ದನಂತೆ. ಕತ್ತಿ, ಗುರಾಣಿ ಮಾಡುತ್ತಿದ್ದ ಶಿಕಲಗಾರ ಮನೆತನದವರು ಯುದ್ಧಗಳು ನಿಂತ ಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ತಂಬೂರಿ, ಸಿತಾರಿಗೆ ಕೈ ಹಾಕಿದ ಊರು ಅದು. ಫರೀದಸಾಹೇಬರ ಹೆಸರು ಹೇಳಿ ಇವತ್ತಿಗೂ ಕೆಲಸ ಶುರು ಮಾಡುವ ಕೈಗಳು ಅಲ್ಲಿವೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದ್ದೂ ಅಲ್ಲೇ. ಮಿರಜದ ಸಿತಾರು, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂದಿದೆ. ಘಟಪ್ರಭಾ, ರಾಯಬಾಗ, ಕುಡಚಿ ದಾಟಿ ಕೃಷ್ಣೆಯ ಸೇತುವೆ ಹಾಯ್ದು ರೈಲು ಮಿರಜಕ್ಕೆ ಸೇರುವ ತನಕ ಅವ್ವ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು. ದರ್ಗಾ ನೋಡುವುದಿದೆ ಎಂಬ ನೆಪದಲ್ಲಿ ಹೊರಟಿದ್ದಳು. ಅಸಲಿಗೆ ನಾನು ಅಲ್ಲಿ ಇನ್ನೇನು ಕೊಂಡು ತರುತ್ತೇನೋ ಎಂದು ಕಾಯಲು ಸೊಸೆ ಕಳಿಸಿದ್ದಳು.

ಸತಾರಮೇಕರ್ ಗಲ್ಲಿಯ ಅಂಗಡಿಯಲ್ಲಿ ಒಣಗಿದ ದೊಡ್ಡ ಕುಂಬಳಬುರುಡೆಗಳು ಮಾಡಿನ ತನಕ ಪೇರಿಸಿದ್ದವು. ನೆಲದ ಮೇಲೆ ಕೂತಿದ್ದ ಹಿರಿಯರು ಗಿಟಾರು ಇಸಿದುಕೊಂಡು ಅಲುಗಾಡಿಸಿದರು. ಛಳ್. ನನ್ನ ಮುಖ ನೋಡಿದರು. "ಅಕ್ಕಿ," ಎಂದೆ. ಮತ್ತೆ ಅಲುಗಾಡಿಸಿದಾಗ ಒಂದು ಬೇವಿನೆಲೆ ಹೊರಗೆ ಬಿತ್ತು. ಅವರು ಏನೂ ಕೇಳಲಿಲ್ಲ, ದೊಡ್ಡ ಮನುಷ್ಯರು.

ತೆಳ್ಳನೆಯ ಅಲಗನ್ನು ಕೆಂಡಕ್ಕೆ ಹಿಡಿದು ಬಿಸಿ ಮಾಡಿ ಬ್ರಿಜ್ಜಿನ ಸಂದಿಯಲ್ಲಿ ತೂರಿಸಿ, ಅವಸರವಿಲ್ಲದೆ ಎಬ್ಬಿಸಿದರು. ಹಳೆಯ ಅಂಟಿನ ಜೊತೆಗೆ ನನ್ನ ಫೆವಿಕಾಲನ್ನೂ ಕೆರೆದು ತೆಗೆದರು. ಅದನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ತೋರಿಸಿ, ಇದು ಯಾರ ಕೆಲಸ ಎಂದು ಕೇಳಿದರು. ಅವ್ವ ಕಣ್ಣಿನಿಂದಲೇ ನನ್ನನ್ನು ತೋರಿಸಿದಳು. ಪಕ್ಕದಲ್ಲಿ ಸರೇಸು ಬಿಸಿನೀರಿನ ಪಾತ್ರೆಯೊಳಗೆ ಕರಗುತ್ತಿತ್ತು. ಚರ್ಮ, ಎಲುಬಿನಿಂದ ಕಾಸಿದ ಆ ಅಂಟಿನ ವಾಸನೆ ಗಲ್ಲಿಯ ತಿರುವಿನಿಂದಲೇ ನಮ್ಮನ್ನು ಕರೆದಿತ್ತು. ಬಿಸಿ ಇರುವಾಗಲೇ ಹಚ್ಚಿ, ಬ್ರಿಜ್ಜು ಕೂರಿಸಿ, ಕ್ಲಾಂಪು ಬಿಗಿದು, ನಾಳೆ ಬನ್ನಿ ಎಂದರು.

ಬಿರುಕಿನ ವಿಷಯ ನಾನೇ ಎತ್ತಿದೆ. ಥಿನ್ನರು ಹಾಯಿಸಿ ಕರಗಿಸಿ ಕೂಡಿಸಲೇ, ಮೇಲೊಂದು ಕೋಟು ಲ್ಯಾಕರ್ ಹೊಡೆಸಲೇ ಎಂದು ನಾನು ಓದಿದ್ದನ್ನೆಲ್ಲ ಅವರ ಮುಂದೆ ಇಟ್ಟೆ. ಮರಾಠಿ, ಕನ್ನಡ, ಉರ್ದು ಕೂಡಿಸಿ ಅವರು ಹೇಳಿದ್ದಿಷ್ಟು: ಮೇಲೆ ಹೊಸದು ಬಳಿದರೆ ಕೆಳಗಿನ ಗೆರೆ ಒಂದೆರಡು ವರ್ಷದಲ್ಲಿ ಅದೇ ಜಾಗದಲ್ಲಿ ಮತ್ತೆ ಎದ್ದು ಬರುತ್ತದೆ. ಇರೋದು ಇರಲಿ. ಒಣ ಅರಿವೆಯಲ್ಲಿ ಒರೆಸಿ, ಬಿಸಿಲಿಗೆ ಇಡಬೇಡಿ, ರೆಕ್ಸಿನ್ ಸೋಫಾಕ್ಕೆ ಆನಿಸಬೇಡಿ, ಅದರ ಎಣ್ಣೆ ಈ ಪಾಲಿಶನ್ನು ತಿನ್ನುತ್ತದೆ.

ಮರುದಿನ ಹೋದಾಗ ಅದು ಸಿದ್ಧವಾಗಿತ್ತು, ಆದರೆ ತಂತಿ ನಾಲ್ಕೇ ಇದ್ದವು. ಹೊಟ್ಟೆ ಸ್ವಲ್ಪ ಉಬ್ಬಿದೆ, ಆರರ ಜಗ್ಗಾಟ ಇನ್ನು ಬೇಡ ಎಂದರು ಹಿರಿಯರು. ಅವ್ವ ಗಿಟಾರನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು, ಅದರ ಕುತ್ತಿಗೆಯನ್ನು ಹೆಗಲಿಗೆ ಆನಿಸಿ, ಬೆರಳಿನಿಂದ ಒಂದೊಂದೇ ತಂತಿ ಮೀಟಿದಳು. ಬ್ರಿಜ್ಜಿನ ಮೇಲಿನ ಎಲುಬಿನ ಪಟ್ಟಿ ಸವೆದಿದ್ದರಿಂದ ಒಂದು ತಂತಿ ಗುಂಯ್ ಎನ್ನುತ್ತಿತ್ತು. ಗಿಟಾರಿನವರಿಗೆ ಅದು ರೋಗ. ಅದನ್ನು ಓಡಿಸಲು ಅರ, ಕಾಗದ, ಎಲುಬು ಎಂದು ಒದ್ದಾಡುತ್ತಾರೆ. ತಂಬೂರಿಯವರಿಗೆ ಅದೇ ಜವಾರಿ. ಅದನ್ನು ಹುಟ್ಟಿಸಲು ತಂತಿಯ ಅಡಿಗೆ ನೂಲಿನ ಎಳೆ ಸರಿಸಿ, ಕೂದಲಷ್ಟು ಹಿಂದೆ ಮುಂದೆ ಮಾಡಿ ಇಡೀ ದಿನ ಕಳೆಯುತ್ತಾರೆ. ನಾನು, "ಅದೊಂದು ಗುಂಯ್ ತೆಗೀರಿ," ಎಂದೆ. ಅವ್ವ, "ಉಳದ ಮೂರಕ್ಕೂ ಹಚ್ರಿ," ಎಂದಳು. ಹಿರಿಯರು ಯಾರ ಮಾತು ಕೇಳಬೇಕೆಂದು ಕ್ಷಣವೂ ಯೋಚಿಸಲಿಲ್ಲ. ನೂಲಿನ ಉಂಡೆ ತೆಗೆದರು. ಅವ್ವನ ದನಿ ಕೇಳಿ, ಬಿಳಿ ಐದಕ್ಕೆ ಷಡ್ಜ ಹಿಡಿದು, ಒಂದನ್ನು ಪಂಚಮಕ್ಕೆ, ಎರಡನ್ನು ಜೋಡು ಷಡ್ಜಕ್ಕೆ, ದಪ್ಪನೆಯದನ್ನು ಖರ್ಜಕ್ಕೆ ಇಳಿಸಿದರು.

ಹಾಗೆ ಜರ್ಮನಿಯಿಂದ ಹೊರಟು, ಕಲ್ಕತ್ತೆಯಲ್ಲಿ ಹುಟ್ಟಿ, ಕ್ಯಾಂಪಿನ ಕ್ಲಬ್ಬಿನಲ್ಲಿ ಡಾನ್ಸಿಗೆ ನುಡಿದ ಗಿಟಾರು ಮಿರಜದಲ್ಲಿ ತಂಬೂರಿಯಾಗಿ ಮನೆಗೆ ಮರಳಿತು. ಹೆಂಡತಿ ಕ್ಯಾಲೆಂಡರಿನಲ್ಲಿ "ಗಿ" ಹೊಡೆದುಹಾಕಿ "ತಂ" ಎಂದು ಬರೆದಳು. ನನಗೆ ಅದರಿಂದ ನಷ್ಟವಾಯಿತೆಂದು ಯಾರೂ ತಿಳಿಯಬಾರದು. ನುಡಿಸುವ ಭಾರ ಅವ್ವನ ಪಾಲಿಗೆ ಹೋಯಿತು, ಒರೆಸುವ ಅಧಿಕಾರ ನನ್ನಲ್ಲೇ ಉಳಿಯಿತು. ವಾಯರು ಹಿಡಿದವನಿಗೆ ಇದು ಬಡ್ತಿಯೇ.

ಸೋಮವಾರ ನಮ್ಮ ಮನೆಯಲ್ಲಿ ಅಕ್ಕನ ಬಳಗದವರು ವಚನ ಹಾಡಲು ಕೂಡುತ್ತಾರೆ. ಅವ್ವ ಗಿಟಾರು ಮೀಟುತ್ತ ಕೂತದ್ದು ಕಂಡು ಮೊದಲ ವಾರ ಕೆಲವರು ಸೆರಗು ಬಾಯಿಗಿಟ್ಟರು. ಎರಡನೆಯ ವಾರ ಶ್ರುತಿ ಚಲೋ ನಿಲ್ಲುತ್ತದೆಂದರು. ಮೊನ್ನೆ ಹಾಡು ಮುಗಿದ ಮೇಲೆ ಬಳಗದ ಹಿರಿಯಕ್ಕ ಗಿಟಾರಿನ ಮೇಲೆ ಕೈಯಾಡಿಸಿ, ಇಂಥಾದ್ದು ಇನ್ನೊಂದು ಸಿಗುತ್ತದೇನ್ರಿ, ನಮ್ಮ ಮಹಾಂತೇಶ ನಗರದ ಬಳಗಕ್ಕೆ ಬೇಕಿತ್ತು ಎಂದು ಕೇಳಿದರು. ಆಂಟಿಯ ಪಕ್ಕದ ಬಂಗಲೆಯಲ್ಲಿ ಒಂದು ಮ್ಯಾಂಡೋಲಿನ್ ಇದೆಯೆಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಚಹಾದ ತಾಟು ಕೆಳಗಿಟ್ಟಳು.

"ಇನ್ನೊಂದ್ಯಾಕ್ರಿ ಅಕ್ಕಾರ, ಇದನ್ನs ಒಯ್ರಿ. ಖರ್ಚೆಲ್ಲಾ ಬರದಿಟ್ಟೇನಿ."

ಅವ್ವ ಗಿಟಾರನ್ನು ತನ್ನ ಕಡೆ ಎಳೆದುಕೊಂಡಳು. "ಇದನ್ನ ಮುಟ್ಟಬ್ಯಾಡ್ರಿ. ಬೇಕಂದ್ರ ನಮ್ಮ ಮಗನ್ನ ಒಯ್ರಿ, ರಿಪೇರಿಗೆ ಆಗ್ತಾನ. ಇವನದೂ ಪಾಲಿಶ್ ಅಷ್ಟ ಸೀಳೇತಿ, ಕಟ್ಟಿಗಿ ಗಟ್ಟಿ ಐತಿ."

ಹಿರಿಯಕ್ಕ ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, ಗಿಟಾರಿಗೆ ಕಡೇ ರೇಟು ಎಷ್ಟು ಎಂದು ಕೇಳಿದರು.